ಅಂಚಿಗೆ ಹೆಸರಿಟ್ಟ ಗಣಿತಜ್ಞ ಲಿಯೊನಾರ್ಡ್ ಆಯ್ಲರ್

ಈ ಲೇಖನವನ್ನು ಓದುವ ಮೊದಲು ಮನೆಯಲ್ಲಿರುವ ಒಂದು ಬೆಂಕಿಪೊಟ್ಟಣವನ್ನು ಕೈಗೆತ್ತಿಕೊಳ್ಳಿ. ಅದಕ್ಕೆ ಎಷ್ಟು ಮೂಲೆಗಳಿವೆ ಎಂದು ಯಾರಾದರೂ ಕೇಳಿದರೆ ನೀವೇನು ಹೇಳುತ್ತೀರಿ? ಕೆಲವರು ನಾಲ್ಕು ಎನ್ನುತ್ತಾರೆ, ಕೆಲವರು ಎಂಟು ಎನ್ನುತ್ತಾರೆ. ಈ ಗೊಂದಲಕ್ಕೆ ಕಾರಣ ನಮ್ಮ ಆಡುಮಾತೇ. ಬೀರುವನ್ನು ಕೋಣೆಯ ಮೂಲೆಯಲ್ಲಿಡಿ ಎನ್ನುವಾಗ, ಎರಡು ಗೋಡೆಗಳು ಸೇರುವ, ನೆಲದಿಂದ ಛಾವಣಿಯವರೆಗೆ ನೆಟ್ಟಗೆ ನಿಂತ ಗೆರೆ ನಮ್ಮ ಮನಸ್ಸಿನಲ್ಲಿರುತ್ತದೆ. ಮೇಜಿನ ಮೂಲೆ ತಲೆಗೆ ತಾಗಿತು ಎನ್ನುವಾಗ ನಾವು ಹೇಳುವುದು ಚೂಪಾದ ಒಂದು ಬಿಂದುವಿನ ಬಗ್ಗೆ. ಒಂದೇ ಪದ, ಎರಡು ವಸ್ತುಗಳು. ಗಣಿತದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಗೆರೆಗೆ ಅಂಚು ಎಂದೂ ಬಿಂದುವಿಗೆ ಶೃಂಗ ಎಂದೂ ಬೇರೆ ಬೇರೆ ಹೆಸರುಗಳಿವೆ.

ನೆನಪಿಟ್ಟುಕೊಳ್ಳಲು ಸುಲಭವಾದ ಮಾತು ಇಷ್ಟೇ. ಘನಾಕೃತಿಯ ಸಮತಟ್ಟಾದ ಒಂದೊಂದು ಮೇಲ್ಮೈಯೂ ಒಂದು ಮುಖ. ಎರಡು ಮುಖಗಳು ಸೇರುವ ಗೆರೆ ಅಂಚು. ಅಂಚುಗಳು ಬಂದು ಕೂಡುವ ಬಿಂದು ಶೃಂಗ. ನಿಮ್ಮ ಬೆಂಕಿಪೊಟ್ಟಣಕ್ಕೆ 6 ಮುಖಗಳು, 12 ಅಂಚುಗಳು, 8 ಶೃಂಗಗಳು.

ಇನ್ನೊಂದು ಉದಾಹರಣೆಯನ್ನು ನೋಡಿ. ಪವಿತ್ರ ಕಅಬಾಕ್ಕೆ ನಾಲ್ಕು ಮೂಲೆಗಳಿವೆ ಎಂದು ನಾವೆಲ್ಲರೂ ಬಲ್ಲೆವು. ಅವುಗಳನ್ನು ರುಕ್ನ್ ಎನ್ನುತ್ತಾರೆ. ಹಜರುಲ್ ಅಸ್ವದ್ ಇರುವ ಮೂಲೆಯಿಂದ ತವಾಫ್ ಆರಂಭವಾಗುತ್ತದೆ. ಜ್ಯಾಮಿತಿಯ ಭಾಷೆಯಲ್ಲಿ ಹೇಳುವುದಾದರೆ ಈ ನಾಲ್ಕು ರುಕ್ನ್‌ಗಳು ಶೃಂಗಗಳಲ್ಲ, ನೆಟ್ಟಗೆ ನಿಂತ ನಾಲ್ಕು ಅಂಚುಗಳು. ಮೇಲೆ ಛಾವಣಿಯ ಸುತ್ತ ನಾಲ್ಕು, ಕೆಳಗೆ ತಳದ ಸುತ್ತ ನಾಲ್ಕು ಸೇರಿದರೆ ಒಟ್ಟು 12. ಅರಬಿ ಭಾಷೆಯ ಗಣಿತಜ್ಞರು ಘನ ಎಂಬ ಅರ್ಥದಲ್ಲಿ ಕಅಬ್ ಎಂಬ ಪದವನ್ನು ಬಳಸುತ್ತಿದ್ದರು ಎಂಬುದನ್ನೂ ಇಲ್ಲಿ ನೆನಪಿಸಿಕೊಳ್ಳಬಹುದು.

ಇಷ್ಟು ಸರಳವಾದ ಅಂಚು ಎಂಬ ವಸ್ತುವಿಗೆ ಗಣಿತದಲ್ಲಿ ಸರಿಯಾದ ಒಂದು ಹೆಸರು ದೊರೆತದ್ದು 1750ರ ಸುಮಾರಿಗೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಹೆಸರಿಟ್ಟವರು ಲಿಯೊನಾರ್ಡ್ ಆಯ್ಲರ್. ಒಂದು ಕಣ್ಣು ಹೋದರೂ, ಬಳಿಕ ಎರಡೂ ಕಣ್ಣು ಹೋದರೂ ಕಲಿಕೆಯನ್ನು ನಿಲ್ಲಿಸದ ಈ ಮಹಾನುಭಾವರ ಬದುಕನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಬಾಸೆಲ್‌ನ ಬಾಲಕ

ಆಯ್ಲರ್ ಹುಟ್ಟಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ತಂದೆ ಪಾಲ್ ಆಯ್ಲರ್ ಕ್ರೈಸ್ತ ಪಾದ್ರಿ. ತಾಯಿ ಮಾರ್ಗರೆಟಾ. ತಂದೆಗೆ ಗಣಿತದಲ್ಲಿ ಒಲವಿತ್ತು. ವಿದ್ಯಾರ್ಥಿಯಾಗಿದ್ದಾಗ ಪ್ರಸಿದ್ಧ ಗಣಿತಜ್ಞ ಯಾಕೋಬ್ ಬರ್ನೂಲಿಯವರ ಪಾಠಗಳನ್ನು ಕೇಳಿದ್ದರು. ಮಗನಿಗೆ ಗಣಿತದ ಮೊದಲ ಪಾಠ ಹೇಳಿದವರು ಅವರೇ. ಬಾಲಕ ಸೇರಿದ ಶಾಲೆಯಲ್ಲಿ ಗಣಿತವನ್ನೇ ಕಲಿಸುತ್ತಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಶಾಲೆಯಲ್ಲಿಲ್ಲದ್ದನ್ನು ಮನೆಯಲ್ಲಿ ತಂದೆ ತುಂಬಿಸಿದರು. ಪೋಷಕರಾದ ನಮ್ಮ ಸದಸ್ಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

1720ರಲ್ಲಿ, 13ನೇ ವಯಸ್ಸಿಗೇ ಆಯ್ಲರ್ ಬಾಸೆಲ್ ವಿಶ್ವವಿದ್ಯಾಲಯ ಸೇರಿದರು. ಯಾಕೋಬ್ ಅವರ ತಮ್ಮ ಯೋಹಾನ್ ಬರ್ನೂಲಿ ಅಲ್ಲಿ ಪ್ರಾಧ್ಯಾಪಕರು, ಆ ಕಾಲದ ಯುರೋಪಿನ ಅಗ್ರಗಣ್ಯ ಗಣಿತಜ್ಞರಲ್ಲೊಬ್ಬರು. ತನಗೆ ಪ್ರತ್ಯೇಕ ಪಾಠ ಬೇಕೆಂದು ಹುಡುಗ ಕೇಳಿಕೊಂಡಾಗ ಅವರು ಒಪ್ಪಲಿಲ್ಲ. ಕಠಿಣ ಗ್ರಂಥಗಳನ್ನು ನೀನೇ ಓದು, ಅರ್ಥವಾಗದೆ ಉಳಿದದ್ದನ್ನು ಶನಿವಾರ ಮಧ್ಯಾಹ್ನ ಬಂದು ಕೇಳು ಎಂದರು. ಶನಿವಾರ ಗುರುಗಳಿಗೆ ತೊಂದರೆ ಕೊಡುವ ಪ್ರಶ್ನೆಗಳು ಆದಷ್ಟು ಕಡಿಮೆಯಿರಲೆಂದು ಹುಡುಗ ವಾರವಿಡೀ ತಾನೇ ತಿಣುಕಾಡಿ ಓದುತ್ತಿದ್ದ. ಗಣಿತ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದು ಮುಂದೆ ಅವರೇ ನೆನಪಿಸಿಕೊಂಡಿದ್ದಾರೆ.

ಮಗ ತನ್ನಂತೆಯೇ ಪಾದ್ರಿಯಾಗಬೇಕೆಂಬುದು ತಂದೆಯ ಆಸೆಯಾಗಿತ್ತು. ಆಯ್ಲರ್ ಧರ್ಮಶಾಸ್ತ್ರ, ಗ್ರೀಕ್ ಮತ್ತು ಹೀಬ್ರೂ ಕಲಿಯತೊಡಗಿದರು. ಆದರೆ ಮನಸ್ಸು ಗಣಿತದಲ್ಲೇ ಇತ್ತು. ಕೊನೆಗೆ ಯೋಹಾನ್ ಬರ್ನೂಲಿ ತಂದೆಯೊಡನೆ ಮಾತನಾಡಿ ಒಪ್ಪಿಸಿದರು. ಹಾಗೆಂದು ಆಯ್ಲರ್ ಧರ್ಮವನ್ನು ಬಿಟ್ಟವರಲ್ಲ. ಜೀವನವಿಡೀ ತಮ್ಮ ಧರ್ಮದಲ್ಲಿ ಶ್ರದ್ಧೆಯುಳ್ಳವರಾಗಿ, ಸಂಜೆ ಮನೆಮಂದಿಯನ್ನು ಕೂಡಿಸಿ ಧರ್ಮಗ್ರಂಥ ಓದುತ್ತಿದ್ದವರು. ವಿಜ್ಞಾನ ಓದಿದವರು ದೇವಭಯ ಕಳೆದುಕೊಳ್ಳುತ್ತಾರೆ ಎನ್ನುವವರಿಗೆ ಈ ಬದುಕೊಂದು ಉತ್ತರ.

ಏಳು ಸೇತುವೆಗಳ ಪ್ರಶ್ನೆ

ಬಾಸೆಲ್ ವಿಶ್ವವಿದ್ಯಾಲಯದಲ್ಲಿ ತೆರವಾದ ಭೌತಶಾಸ್ತ್ರದ ಹುದ್ದೆಗೆ ಆಯ್ಲರ್ ಅರ್ಜಿ ಹಾಕಿದರು. ಆಗ ಅವರಿಗೆ 20 ತುಂಬಿರಲಿಲ್ಲ. ಹುದ್ದೆ ದೊರೆಯಲಿಲ್ಲ. 1727ರಲ್ಲಿ ಅವರು ಹುಟ್ಟೂರನ್ನು ಬಿಟ್ಟು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟರು. ಅಲ್ಲಿ ಹೊಸದಾಗಿ ವಿಜ್ಞಾನ ಅಕಾಡೆಮಿ ಸ್ಥಾಪನೆಯಾಗಿತ್ತು. ಮತ್ತೆ ಅವರು ಹುಟ್ಟೂರಿನಲ್ಲಿ ನೆಲೆಸಲೇ ಇಲ್ಲ. 1733ರಲ್ಲಿ ಅಕಾಡೆಮಿಯ ಗಣಿತ ಪ್ರಾಧ್ಯಾಪಕರಾದರು. 1734ರಲ್ಲಿ ಕ್ಯಾಥರೀನಾ ಗ್ಸೆಲ್ ಅವರನ್ನು ಮದುವೆಯಾದರು. ಹದಿಮೂರು ಮಕ್ಕಳು ಹುಟ್ಟಿದರೂ ಬೆಳೆದು ದೊಡ್ಡವರಾದವರು ಐವರೇ. 1735ರಲ್ಲಿ ಆಯ್ಲರ್ ತೀವ್ರ ಜ್ವರದಿಂದ ಮಲಗಿದರು. 1738ರ ವೇಳೆಗೆ ಬಲಗಣ್ಣಿನ ದೃಷ್ಟಿ ಹೋಯಿತು. ನಕ್ಷೆಗಳ ಸೂಕ್ಷ್ಮ ಕೆಲಸವೇ ಇದಕ್ಕೆ ಕಾರಣವೆಂದು ಅವರು ತಿಳಿದಿದ್ದರು. ಕೆಲಸ ಮಾತ್ರ ನಿಲ್ಲಲಿಲ್ಲ.

ಈ ವರ್ಷಗಳಲ್ಲೇ ಅವರ ಮುಂದೆ ಒಂದು ವಿಚಿತ್ರ ಪ್ರಶ್ನೆ ಬಂತು. ಆಗಿನ ಪ್ರಷ್ಯಾದ ಕೋನಿಗ್ಸ್‌ಬರ್ಗ್ ನಗರದಲ್ಲಿ (ಇಂದು ಅದು ರಷ್ಯಾದ ಕಲಿನಿನ್‌ಗ್ರಾಡ್) ಪ್ರೆಗೆಲ್ ನದಿ ಹರಿಯುತ್ತದೆ. ನದಿಯ ನಡುವೆ ಒಂದು ದ್ವೀಪ. ನದಿ ನಗರವನ್ನು ನಾಲ್ಕು ಭಾಗಗಳಾಗಿ ಬೇರ್ಪಡಿಸಿತ್ತು, ಏಳು ಸೇತುವೆಗಳು ಅವುಗಳನ್ನು ಜೋಡಿಸಿದ್ದವು. ಪ್ರತಿಯೊಂದು ಸೇತುವೆಯನ್ನೂ ಒಮ್ಮೆ, ಒಮ್ಮೆ ಮಾತ್ರ ದಾಟಿ ನಗರವನ್ನು ಸುತ್ತಲು ಸಾಧ್ಯವೇ? ಪ್ರಯತ್ನಿಸಿದ ಯಾರಿಗೂ ಅದು ಸಾಧ್ಯವಾಗಿರಲಿಲ್ಲ. ಸಾಧ್ಯವಿಲ್ಲವೆಂದು ಖಚಿತವಾಗಿ ಹೇಳಲೂ ಯಾರಿಗೂ ಆಗಿರಲಿಲ್ಲ.

ಇದಕ್ಕೂ ಗಣಿತಕ್ಕೂ ಅಷ್ಟಾಗಿ ಸಂಬಂಧವಿಲ್ಲ ಎಂದೇ ಆಯ್ಲರ್ ಮೊದಲಿಗೆ ಭಾವಿಸಿದ್ದರು. ಆದರೂ 1735ರಲ್ಲಿ ಉತ್ತರವನ್ನು ಅಕಾಡೆಮಿಯ ಮುಂದಿಟ್ಟರು. ಅವರು ಗಮನಿಸಿದ್ದು ಹೀಗೆ: ಸೇತುವೆ ಎಷ್ಟು ಉದ್ದ, ದ್ವೀಪ ಎಷ್ಟು ಅಗಲ ಎಂಬುದು ಇಲ್ಲಿ ಮುಖ್ಯವಲ್ಲ. ಯಾವ ಭಾಗಕ್ಕೆ ಎಷ್ಟು ಸೇತುವೆಗಳು ಬಂದು ಸೇರುತ್ತವೆ ಎಂಬುದಷ್ಟೇ ಮುಖ್ಯ. ನಡಿಗೆಯ ನಡುವೆ ಒಂದು ಭಾಗಕ್ಕೆ ಒಂದು ಸೇತುವೆಯಿಂದ ಬಂದರೆ ಇನ್ನೊಂದರಿಂದ ಹೊರಹೋಗಬೇಕು. ಆದ್ದರಿಂದ ಸೇತುವೆಗಳು ಜೋಡಿಜೋಡಿಯಾಗಿ ಖರ್ಚಾಗುತ್ತವೆ. ಬೆಸ ಸಂಖ್ಯೆಯ ಸೇತುವೆಗಳಿರುವ ಭಾಗ ನಡಿಗೆಯ ಆರಂಭ ಅಥವಾ ಕೊನೆ ಮಾತ್ರ ಆಗಬಲ್ಲದು. ಅಂಥ ಭಾಗಗಳು ಎರಡಕ್ಕಿಂತ ಹೆಚ್ಚಿದ್ದರೆ ನಡಿಗೆ ಅಸಾಧ್ಯ. ಕೋನಿಗ್ಸ್‌ಬರ್ಗ್‌ನಲ್ಲಿ ದ್ವೀಪಕ್ಕೆ 5 ಸೇತುವೆಗಳು, ಉಳಿದ ಮೂರು ಭಾಗಗಳಿಗೆ ತಲಾ 3. ನಾಲ್ಕೂ ಬೆಸ. ಆದ್ದರಿಂದ ಸಾಧ್ಯವಿಲ್ಲ.

ಆಯ್ಲರ್ ಇದನ್ನು ಅಕ್ಷರಗಳಲ್ಲಿ ಬರೆದು ತೋರಿಸಿದರು. ಮುಂದಿನ ಶತಮಾನದ ಗಣಿತಜ್ಞರು ನೆಲದ ಭಾಗಗಳನ್ನು ಬಿಂದುಗಳಾಗಿಯೂ ಸೇತುವೆಗಳನ್ನು ಗೆರೆಗಳಾಗಿಯೂ ಚಿತ್ರಿಸಿದರು. ಆ ಬಿಂದುಗಳಿಗೂ ಶೃಂಗ ಎಂದೇ ಹೆಸರು, ಗೆರೆಗಳಿಗೂ ಅಂಚು ಎಂದೇ ಹೆಸರು. ಗ್ರಾಫ್ ಸಿದ್ಧಾಂತ ಎಂಬ ಗಣಿತ ಶಾಖೆ ಬೆಳೆದದ್ದು ಹೀಗೆ. ನಿಮ್ಮ ಮೊಬೈಲಿನಲ್ಲಿ ಊರಿಂದ ಊರಿಗೆ ಹತ್ತಿರದ ದಾರಿ ಹುಡುಕುವಾಗ ಯಂತ್ರವು ಊರುಗಳನ್ನೂ ಕೂಡುರಸ್ತೆಗಳನ್ನೂ ಶೃಂಗಗಳೆಂದೂ, ರಸ್ತೆಗಳನ್ನು ಅಂಚುಗಳೆಂದೂ ಪರಿಗಣಿಸಿ ಲೆಕ್ಕ ಹಾಕುತ್ತದೆ.

ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಒಂದು ಚೌಕ ಬರೆದು ಅದರ ಎರಡೂ ಕರ್ಣಗಳನ್ನು ಎಳೆಯಿರಿ. ಪೆನ್ಸಿಲ್ ಎತ್ತದೆ, ಎಳೆದ ಗೆರೆಯನ್ನೇ ಮತ್ತೆ ಎಳೆಯದೆ ಈ ಚಿತ್ರವನ್ನು ಬರೆಯಲು ನಿಮಗೆ ಆಗುವುದಿಲ್ಲ. ಏಕೆಂದರೆ ಚೌಕದ ನಾಲ್ಕೂ ಶೃಂಗಗಳಲ್ಲಿ ತಲಾ 3 ಗೆರೆಗಳು ಕೂಡುತ್ತವೆ. ಈಗ ಚೌಕದ ಮೇಲೆ ಮನೆಯ ಮಾಡಿನಂತೆ ಎರಡು ಗೆರೆಗಳನ್ನು ಸೇರಿಸಿ. ಮೇಲಿನ ಎರಡು ಶೃಂಗಗಳಲ್ಲಿ ಈಗ 4 ಗೆರೆಗಳು, ಮಾಡಿನ ತುದಿಯಲ್ಲಿ 2. ಬೆಸವಾಗಿ ಉಳಿದದ್ದು ಕೆಳಗಿನ ಎರಡು ಮಾತ್ರ. ಅವುಗಳಲ್ಲಿ ಒಂದರಿಂದ ಹೊರಟರೆ ಚಿತ್ರ ಪೂರ್ಣವಾಗಿ, ನೀವು ಇನ್ನೊಂದಕ್ಕೆ ಬಂದು ನಿಲ್ಲುತ್ತೀರಿ.

ಎಲ್ಲರೂ ಕಂಡದ್ದು, ಯಾರೂ ಎಣಿಸದ್ದು

1741ರಲ್ಲಿ ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್‌ನ ಆಹ್ವಾನದ ಮೇಲೆ ಆಯ್ಲರ್ ಬರ್ಲಿನ್‌ಗೆ ಬಂದರು. ಅಲ್ಲಿ 25 ವರ್ಷ ದುಡಿದರು. ಈ ಅವಧಿಯಲ್ಲೇ, 1750ರ ನವೆಂಬರ್‌ನಲ್ಲಿ, ರಷ್ಯಾದಲ್ಲಿದ್ದ ಗೆಳೆಯ ಕ್ರಿಶ್ಚಿಯನ್ ಗೋಲ್ಡ್‌ಬಾಖ್ ಅವರಿಗೆ ಬರೆದ ಪತ್ರದಲ್ಲಿ ಘನಾಕೃತಿಗಳ ಬಗ್ಗೆ ತಾವು ಕಂಡುಕೊಂಡ ಒಂದು ನಿಯಮವನ್ನು ತಿಳಿಸಿದರು.

ಘನಾಕೃತಿಗಳ ಅಧ್ಯಯನ ಆಗ ಹೊಸದೇನಲ್ಲ. ಯೂಕ್ಲಿಡ್‌ನ ಜ್ಯಾಮಿತಿ ಗ್ರಂಥದ 13ನೇ ಭಾಗದಲ್ಲಿ ಐದು ಕ್ರಮಬದ್ಧ ಘನಗಳ ವಿವರವಿದೆ. ಆ ಗ್ರಂಥವನ್ನು ಕಾಪಾಡಿ ಬೆಳೆಸಿದವರಲ್ಲಿ ನಮ್ಮ ಪೂರ್ವಜ ವಿದ್ವಾಂಸರ ಪಾಲು ದೊಡ್ಡದು. ಖಲೀಫ ಹಾರೂನ್ ರಶೀದರ ಕಾಲದಲ್ಲಿ ಅಲ್ ಹಜ್ಜಾಜ್ ಇಬ್ನ್ ಯೂಸುಫ್ ಇಬ್ನ್ ಮತರ್ ಅದನ್ನು ಅರಬಿಗೆ ತಂದರು. ಮುಂದೆ ಇಸ್‌ಹಾಕ್ ಇಬ್ನ್ ಹುನೈನ್ ಮತ್ತೆ ಅನುವಾದಿಸಿದರು, ಸಾಬಿತ್ ಇಬ್ನ್ ಕುರ್ರಾ ಅದನ್ನು ತಿದ್ದಿದರು. 12ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾತ್ ಊರಿನ ಅಡೆಲಾರ್ಡ್ ಅದನ್ನು ಅರಬಿಯಿಂದಲೇ ಲ್ಯಾಟಿನ್‌ಗೆ ಅನುವಾದಿಸಿದರು. 940ರಲ್ಲಿ ಖುರಾಸಾನಿನ ಬೂಝ್ಜಾನ್‌ನಲ್ಲಿ ಹುಟ್ಟಿ ಬಗ್ದಾದಿನಲ್ಲಿ ದುಡಿದ ಅಬುಲ್ ವಫಾ, ಕುಶಲಕರ್ಮಿಗಳಿಗೆಂದೇ ಬರೆದ ಜ್ಯಾಮಿತಿ ಗ್ರಂಥದಲ್ಲಿ ಗೋಳದ ಮೇಲ್ಮೈಯನ್ನು ಸಮಾನ ಭಾಗಗಳಾಗಿ ವಿಂಗಡಿಸುವ ಕ್ರಮವನ್ನು ವಿವರಿಸಿದ್ದಾರೆ. ಗೋಳದ ಮೇಲೆ ಎಳೆದ ಆ ವಿಭಾಗಗಳಿಗೂ ಘನಾಕೃತಿಗಳ ಮುಖಗಳಿಗೂ ನೇರ ಸಂಬಂಧವಿದೆ.

ಆದರೆ ಇವರೆಲ್ಲರ ಗಮನ ಉದ್ದ, ಕೋನ, ವಿಸ್ತೀರ್ಣ, ಘನಫಲಗಳ ಕಡೆಗಿತ್ತು. 17ನೇ ಶತಮಾನದಲ್ಲಿ ಫ್ರಾನ್ಸಿನ ಡೆಕಾರ್ಟ್ ಈ ನಿಯಮದ ತೀರಾ ಹತ್ತಿರಕ್ಕೆ ಬಂದಿದ್ದರು. ಅವರು ಲೆಕ್ಕ ಹಿಡಿದದ್ದು ಕೋನಗಳನ್ನು, ಅಂಚುಗಳನ್ನಲ್ಲ. ಅವರ ಆ ಟಿಪ್ಪಣಿಯ ಪ್ರತಿ ಲೋಕಕ್ಕೆ ಸಿಕ್ಕಿದ್ದೂ 19ನೇ ಶತಮಾನದಲ್ಲಿ. ಆಯ್ಲರ್ ಘನಾಕೃತಿಗಳನ್ನು ವರ್ಗೀಕರಿಸಲು ಹೊರಟಾಗ ಎರಡು ಮುಖಗಳು ಸೇರುವ ಗೆರೆಗೆ ಒಪ್ಪಿತವಾದ ಹೆಸರೇ ಇಲ್ಲದಿರುವುದು ಅವರ ಗಮನಕ್ಕೆ ಬಂತು. ಆದ್ದರಿಂದ ಲ್ಯಾಟಿನ್ ಭಾಷೆಯಲ್ಲಿ ಕತ್ತಿಯ ಅಲಗಿಗೆ ಹೇಳುವ ಆಸಿಯೆಸ್ ಎಂಬ ಪದವನ್ನು ಅದಕ್ಕೆ ಕೊಟ್ಟರು. ಹೆಸರಿಟ್ಟ ಮೇಲೆ ಎಣಿಸಲು ಸಾಧ್ಯವಾಯಿತು. ಎಣಿಸಿದಾಗ ನಿಯಮ ಕಂಡಿತು.

ನಿಯಮ ಇದು: ಶೃಂಗಗಳ ಸಂಖ್ಯೆಯಿಂದ ಅಂಚುಗಳ ಸಂಖ್ಯೆಯನ್ನು ಕಳೆದು ಮುಖಗಳ ಸಂಖ್ಯೆಯನ್ನು ಕೂಡಿದರೆ ಉತ್ತರ ಯಾವಾಗಲೂ 2. ನಿಮ್ಮ ಪಠ್ಯಪುಸ್ತಕದಲ್ಲಿ ಇದೇ ಮಾತು ಮುಖ + ಶೃಂಗ = ಅಂಚು + 2 ಎಂಬ ರೂಪದಲ್ಲಿರಬಹುದು. ಬೆಂಕಿಪೊಟ್ಟಣಕ್ಕೆ 8 − 12 + 6 = 2. ನಾಲ್ಕು ತ್ರಿಕೋನಗಳ ಚತುರ್ಮುಖಿಗೆ 4 − 6 + 4 = 2. ಚೌಕ ತಳದ ಪಿರಮಿಡ್ಡಿಗೆ 5 − 8 + 5 = 2. ತ್ರಿಕೋನ ಪಟ್ಟಕಕ್ಕೆ 6 − 9 + 5 = 2. ಆಕೃತಿ ದೊಡ್ಡದಿರಲಿ, ಚಿಕ್ಕದಿರಲಿ, ವಾರೆಯಾಗಿರಲಿ, ಉತ್ತರ ಬದಲಾಗದು.

ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಅಂಚುಗಳನ್ನು ಎಣಿಸುವಲ್ಲಿ. ಘನಕ್ಕೆ 6 ಮುಖ, ಒಂದೊಂದಕ್ಕೆ 4 ಬದಿ, ಆದ್ದರಿಂದ 24 ಅಂಚು ಎಂದು ಬರೆದುಬಿಡುತ್ತಾರೆ. ಪ್ರತಿಯೊಂದು ಅಂಚೂ ಎರಡು ಮುಖಗಳಿಗೆ ಸೇರಿದ್ದು ಎಂಬುದನ್ನು ಮರೆಯಬೇಡಿ. 24ನ್ನು 2ರಿಂದ ಭಾಗಿಸಿ, 12 ಬರುತ್ತದೆ. ಹಾಗೆಯೇ ಘನದ ಒಂದೊಂದು ಶೃಂಗದಲ್ಲಿ 3 ಮುಖಗಳು ಕೂಡುವುದರಿಂದ 24ನ್ನು 3ರಿಂದ ಭಾಗಿಸಿದರೆ 8 ಶೃಂಗಗಳು. ಈ ಉಪಾಯ ತಿಳಿದರೆ ದೊಡ್ಡ ಆಕೃತಿಗಳಿಗೂ ಹೆದರಬೇಕಿಲ್ಲ. ಕಪ್ಪು ಬಿಳುಪು ತುಂಡುಗಳನ್ನು ಹೊಲಿದ ಹಳೆಯ ಮಾದರಿಯ ಫುಟ್ಬಾಲ್ ನೋಡಿದ್ದೀರಲ್ಲವೇ? ಅದರಲ್ಲಿ 12 ಪಂಚಭುಜಗಳು, 20 ಷಡ್ಭುಜಗಳು. ತುಂಡುಗಳೆಲ್ಲ ಸಮತಟ್ಟು ಎಂದುಕೊಂಡರೆ ಬದಿಗಳು ಒಟ್ಟು 60 + 120 = 180. ಅಂಚುಗಳು ಅದರ ಅರ್ಧ, 90. ಪ್ರತಿ ಶೃಂಗದಲ್ಲಿ 3 ತುಂಡುಗಳು ಕೂಡುವುದರಿಂದ ಶೃಂಗಗಳು 60. ಈಗ 60 − 90 + 32 ಎಷ್ಟೆಂದು ನೀವೇ ಲೆಕ್ಕ ಮಾಡಿ.

ಉತ್ತರ 2 ಏಕೆ ಕದಲುವುದಿಲ್ಲ? ಒಂದು ಸಾಬೂನಿನ ತುಂಡನ್ನು ಚೌಕಾಕಾರವಾಗಿ ಕೊರೆದು ಅದರ ಒಂದು ಶೃಂಗವನ್ನು ಚಾಕುವಿನಿಂದ ಸ್ವಲ್ಪವೇ ಕತ್ತರಿಸಿ. ಹಳೆಯ ಒಂದು ಶೃಂಗ ಹೋಗಿ ಹೊಸ ಮೂರು ಬಂದವು, ಅಂದರೆ 2 ಹೆಚ್ಚಾಯಿತು. ಅಂಚುಗಳು 3 ಹೆಚ್ಚಾದವು. ಮುಖ 1 ಹೆಚ್ಚಾಯಿತು. ಕೂಡಿದ 2 ಮತ್ತು 1, ಕಳೆದ 3, ಲೆಕ್ಕ ಸರಿಹೋಯಿತು. ಹೊಸ ಆಕೃತಿಗೆ 10 − 15 + 7 = 2.

ಸಾಧಿಸಲಾಗದ್ದನ್ನು ಒಪ್ಪಿಕೊಂಡ ದೊಡ್ಡತನ

ನಿಯಮವನ್ನು ಕಂಡುಕೊಂಡಾಗ ಆಯ್ಲರ್ ಯುರೋಪಿನಲ್ಲೇ ಹೆಸರುವಾಸಿಯಾಗಿದ್ದರು. ಅವರ ಮಾತನ್ನು ಪ್ರಶ್ನಿಸುವವರು ವಿರಳ. ಆದರೂ ಗೆಳೆಯನಿಗೆ ಬರೆದ ಪತ್ರದಲ್ಲಿ, ಇದನ್ನು ತೃಪ್ತಿಕರವಾಗಿ ಸಾಧಿಸಿ ತೋರಿಸಲು ತಮಗಿನ್ನೂ ಆಗಿಲ್ಲವೆಂದು ಮುಚ್ಚುಮರೆಯಿಲ್ಲದೆ ತಿಳಿಸಿದರು. 1751ರಲ್ಲಿ ಘನಾಕೃತಿಯಿಂದ ಒಂದೊಂದೇ ಶೃಂಗವನ್ನು ಕತ್ತರಿಸುತ್ತಾ ಹೋಗಿ ಕೊನೆಗೆ ಚತುರ್ಮುಖಿಗೆ ತಲಪುವ ಸಾಧನೆಯೊಂದನ್ನು ಕೊಟ್ಟರು. ಮುಂದೆ ಪರಿಶೀಲಿಸಿದವರು ಅದರಲ್ಲೂ ಕೊರತೆ ಕಂಡರು. ಲೆಜಾಂಡ್ರ್ 1794ರಲ್ಲಿ ಬೇರೆ ದಾರಿಯಿಂದ ದೃಢವಾದ ಸಾಧನೆ ನೀಡಿದರು.

ನಿಯಮ ಎಲ್ಲೆಲ್ಲಿ ಅನ್ವಯಿಸುವುದಿಲ್ಲ ಎಂಬುದೂ 19ನೇ ಶತಮಾನದಲ್ಲಿ ಸ್ಪಷ್ಟವಾಯಿತು. ನಾಲ್ಕು ಮರದ ಪಟ್ಟಿಗಳನ್ನು ಮೂಲೆಯಲ್ಲಿ ಓರೆಯಾಗಿ ಕೂಡಿಸಿದ ಚಿತ್ರದ ಚೌಕಟ್ಟನ್ನು ತೆಗೆದುಕೊಳ್ಳಿ. ಅದರ ನಡುವೆ ತೂತಿದೆ. ಓರೆ ಕೂಡುಗೆರೆಗಳನ್ನೂ ಅಂಚುಗಳೆಂದು ಹಿಡಿದು ಎಣಿಸಿದರೆ 16 ಶೃಂಗ, 32 ಅಂಚು, 16 ಮುಖ. 16 − 32 + 16 = 0. ಆಕೃತಿಯ ನಡುವಿನ ತೂತು ಎಣಿಕೆಯಲ್ಲೇ ತಿಳಿದುಬಿಟ್ಟಿತು! ಆಕೃತಿಗಳ ಅಳತೆಯನ್ನು ಬದಿಗಿಟ್ಟು ಅವುಗಳ ಜೋಡಣೆಯನ್ನು ಅಭ್ಯಸಿಸುವ ಟೊಪಾಲಜಿ ಎಂಬ ಶಾಸ್ತ್ರಕ್ಕೆ ಇಂಥ ಪ್ರಶ್ನೆಗಳೇ ಬುನಾದಿ.

ಒಬ್ಬರು ಗಮನಿಸಿದರು, ಒಬ್ಬರು ತಿದ್ದಿದರು, ಇನ್ನೊಬ್ಬರು ಮಿತಿಯನ್ನು ತೋರಿಸಿದರು. ಜ್ಞಾನ ಹೀಗೆಯೇ ಬೆಳೆಯುತ್ತದೆ. ತರಗತಿಯಲ್ಲಿ ಗೊತ್ತಿಲ್ಲ ಎನ್ನಲು ನಾಚುವ ವಿದ್ಯಾರ್ಥಿಗಳು ಈ ಮಾತನ್ನು ನೆನಪಿಡಬೇಕು.

ಕತ್ತಲೆಯಲ್ಲಿ ಬೆಳಕು

ಬರ್ಲಿನ್‌ನ ಕೊನೆಯ ವರ್ಷಗಳು ಸುಖಕರವಾಗಿರಲಿಲ್ಲ. ಮಾತಿನ ಚಮತ್ಕಾರವನ್ನು ಮೆಚ್ಚುವ ದೊರೆಗೆ ಸರಳ, ಧರ್ಮಭೀರು ಆಯ್ಲರ್ ಹಿಡಿಸಲಿಲ್ಲ. ಅವರ ಒಕ್ಕಣ್ಣನ್ನೂ ದೊರೆ ಗೇಲಿ ಮಾಡಿದ್ದುಂಟು. 1766ರಲ್ಲಿ ರಾಣಿ ಎರಡನೇ ಕ್ಯಾಥರೀನಳ ಆಹ್ವಾನದ ಮೇಲೆ ಅವರು ಸೇಂಟ್ ಪೀಟರ್ಸ್‌ಬರ್ಗ್‌ಗೆ ಮರಳಿದರು. ಆ ಹೊತ್ತಿಗೆ ಉಳಿದಿದ್ದ ಎಡಗಣ್ಣಿಗೂ ಪೊರೆ ಬಂದು ದೃಷ್ಟಿ ಮಂಕಾಗತೊಡಗಿತ್ತು.

1771ರಲ್ಲಿ ನಗರದಲ್ಲಿ ಭಾರೀ ಬೆಂಕಿ ಬಿದ್ದು ಆಯ್ಲರ್ ಅವರ ಮನೆಯೂ ಸುಟ್ಟುಹೋಯಿತು. ಕಣ್ಣು ಕಾಣದೆ ಒಳಗೆ ಸಿಲುಕಿದ್ದ ಅವರನ್ನು ಬಾಸೆಲ್ ಮೂಲದ ಪೀಟರ್ ಗ್ರಿಮ್ ಎಂಬ ಕುಶಲಕರ್ಮಿ ಹೊತ್ತು ಹೊರತಂದರು. ಅದೇ ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆ ನಡೆದು ದೃಷ್ಟಿ ಮರಳಿದಂತಾಯಿತು. ಆದರೆ ಸೋಂಕು ತಗುಲಿ ಅದೂ ಹೋಯಿತು. 1773ರಲ್ಲಿ ಬಾಳಸಂಗಾತಿ ಕ್ಯಾಥರೀನಾ ತೀರಿಕೊಂಡರು.

ಇಷ್ಟು ಪೆಟ್ಟು ಬಿದ್ದವರು ಮೂಲೆಗೆ ಸರಿಯುವುದು ಸಹಜ. ಆಯ್ಲರ್ ಸರಿಯಲಿಲ್ಲ. ಅವರ ಸ್ಮರಣಶಕ್ತಿ ಅಸಾಧಾರಣವಾಗಿತ್ತು, ಉದ್ದುದ್ದದ ಲೆಕ್ಕಗಳನ್ನು ಮನಸ್ಸಿನಲ್ಲೇ ಮಾಡುತ್ತಿದ್ದರು. ಅವರು ಹೇಳುತ್ತಿದ್ದರು, ಮಕ್ಕಳು ಮತ್ತು ಶಿಷ್ಯರು ಬರೆದುಕೊಳ್ಳುತ್ತಿದ್ದರು. ಬೀಜಗಣಿತದ ಬಗ್ಗೆ ಅವರು ರಚಿಸಿದ ಪ್ರಸಿದ್ಧ ಪಠ್ಯಪುಸ್ತಕವನ್ನು ಬರೆದುಕೊಂಡವನು ದರ್ಜಿ ಕೆಲಸ ಕಲಿತಿದ್ದ ಒಬ್ಬ ಹುಡುಗ. ಬರೆಯುತ್ತಾ ಬರೆಯುತ್ತಾ ಅವನಿಗೇ ಬೀಜಗಣಿತ ತಿಳಿದುಬಿಟ್ಟಿತಂತೆ. ಅಷ್ಟು ಸ್ಪಷ್ಟವಾಗಿತ್ತು ಆ ವಿವರಣೆ. ಈ ಪುಸ್ತಕದ ಜರ್ಮನ್ ಆವೃತ್ತಿ 1770ರಲ್ಲಿ ಹೊರಬಂತು. ಚಂದ್ರನ ಚಲನೆಯ ಬಗೆಗಿನ ಅತಿ ಜಟಿಲವಾದ ಗ್ರಂಥ 1772ರಲ್ಲಿ ಪ್ರಕಟವಾಯಿತು. 1775ರ ಒಂದೇ ವರ್ಷದಲ್ಲಿ 50ಕ್ಕೂ ಹೆಚ್ಚು ಪ್ರಬಂಧಗಳನ್ನು ಸಿದ್ಧಪಡಿಸಿದರು. ಅವರ ಒಟ್ಟು ಬರಹಗಳಲ್ಲಿ ಸುಮಾರು ಅರ್ಧದಷ್ಟು ರೂಪುಗೊಂಡದ್ದು 1766ರ ನಂತರದ ಈ ವರ್ಷಗಳಲ್ಲೇ.

1783ರ ಸೆಪ್ಟೆಂಬರ್ 18ರಂದು ಅವರು ಎಂದಿನಂತೆ ಕೆಲಸದಲ್ಲಿದ್ದರು. ಆ ವರ್ಷವಷ್ಟೇ ಫ್ರಾನ್ಸಿನಲ್ಲಿ ಮೇಲೇರಿದ್ದ ಬಲೂನಿನ ಚಲನೆಯನ್ನು ಲೆಕ್ಕ ಹಾಕಿದರು. ಹೊಸದಾಗಿ ಪತ್ತೆಯಾಗಿದ್ದ ಯುರೇನಸ್ ಗ್ರಹದ ಕಕ್ಷೆಯ ಬಗ್ಗೆ ಸಹೋದ್ಯೋಗಿಯೊಡನೆ ಚರ್ಚಿಸಿದರು. ಸಂಜೆ ಪಾರ್ಶ್ವವಾಯು ಬಡಿದು ಪ್ರಜ್ಞೆ ತಪ್ಪಿದರು, ಅಂದೇ ತೀರಿಕೊಂಡರು. ಆಗ ಅವರಿಗೆ 76 ವರ್ಷ. ಅವರು ಬಿಟ್ಟುಹೋದ ಹಸ್ತಪ್ರತಿಗಳನ್ನು ಅಕಾಡೆಮಿ ಮುಂದೆ ಹಲವು ದಶಕಗಳ ಕಾಲ ಪ್ರಕಟಿಸುತ್ತಲೇ ಇತ್ತು. ಅವರ ಕೃತಿಗಳ ಪಟ್ಟಿಯಲ್ಲಿ 866 ಬರಹಗಳಿವೆ. 1911ರಲ್ಲಿ ಆರಂಭವಾದ ಸಮಗ್ರ ಕೃತಿಗಳ ಪ್ರಕಟಣೆ 80ಕ್ಕೂ ಹೆಚ್ಚು ಸಂಪುಟಗಳಷ್ಟು ಬೆಳೆದಿದೆ. ನೀವು ಬಳಸುವ ಮೊತ್ತದ ಸಿಗ್ಮಾ ಚಿಹ್ನೆಯನ್ನು ಕೊಟ್ಟವರೂ, ಪೈ ಚಿಹ್ನೆಯನ್ನು ಬಳಕೆಗೆ ತಂದವರೂ ಆಯ್ಲರ್ ಅವರೇ.

ನಮಗಿರುವ ಪಾಠ

ವಿದ್ಯಾರ್ಥಿ ಮಿತ್ರರೇ, ನಮ್ಮ ಎಷ್ಟೋ ಮಕ್ಕಳು ಗಣಿತ ತಮಗೆ ಹೇಳಿದ್ದಲ್ಲವೆಂದು ತೀರ್ಮಾನಿಸಿ, ಪ್ರೌಢಶಾಲೆಯಲ್ಲೇ ಅದರಿಂದ ದೂರ ಸರಿಯುತ್ತಾರೆ. ಅದರೊಂದಿಗೆ ವಿಜ್ಞಾನ, ತಂತ್ರಜ್ಞಾನ, ಲೆಕ್ಕಪತ್ರ ಮುಂತಾದ ಎಷ್ಟೋ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಈ ಹೆದರಿಕೆಗೆ ಒಂದು ಕಾರಣ, ಸೂತ್ರವನ್ನು ಮೊದಲು ಬಾಯಿಪಾಠ ಮಾಡಿ, ವಸ್ತುವನ್ನು ನೋಡದೇ ಬಿಡುವುದು. ಆಯ್ಲರ್ ನಡೆದದ್ದು ಇದಕ್ಕೆ ವಿರುದ್ಧವಾದ ದಾರಿಯಲ್ಲಿ. ಅವರು ಮೊದಲು ವಸ್ತುವನ್ನು ನೋಡಿದರು, ಭಾಗಗಳಿಗೆ ಹೆಸರಿಟ್ಟರು, ಎಣಿಸಿದರು. ಸೂತ್ರ ಬಂದದ್ದು ಕೊನೆಗೆ. ನೀವೂ ಅದೇ ಕ್ರಮದಲ್ಲಿ ಕಲಿಯಿರಿ. ರಟ್ಟು, ಅಂಟು, ಕತ್ತರಿ ಇದ್ದರೆ ಸಾಕು, ಐದಾರು ಘನಾಕೃತಿಗಳನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಮಣ್ಣಿನ ಉಂಡೆಗಳಿಗೆ ಕಡ್ಡಿಗಳನ್ನು ಚುಚ್ಚಿ ಜೋಡಿಸಿದರೆ ಉಂಡೆಗಳೇ ಶೃಂಗ, ಕಡ್ಡಿಗಳೇ ಅಂಚು. ಎರಡರ ವ್ಯತ್ಯಾಸ ಮತ್ತೆಂದೂ ಮರೆಯದು.

ಸಂಘದ ಸದಸ್ಯರಲ್ಲಿ ಒಂದು ವಿನಂತಿ. ನಾವು ನಡೆಸುವ ಬೋಧನಾ ತರಗತಿಗಳಲ್ಲಿ ಇಂಥ ಮಾದರಿಗಳಿಗೆ ಜಾಗವಿರಲಿ. ದೃಷ್ಟಿಯಿಲ್ಲದ ಮಕ್ಕಳಿಗೆ ಜ್ಯಾಮಿತಿ ಕಲಿಸಲಾಗದು ಎಂಬ ಭಾವನೆ ಇನ್ನೂ ಹಲವರಲ್ಲಿದೆ. ರಟ್ಟಿನ ಘನವೊಂದನ್ನು ಆ ಮಗುವಿನ ಕೈಗೆ ಕೊಟ್ಟು ನೋಡಿ. ಬೆರಳು ಅಂಚಿನ ಉದ್ದಕ್ಕೂ ಸಾಗಿ ಶೃಂಗಕ್ಕೆ ತಾಗಿ ನಿಲ್ಲುತ್ತದೆ. ಚಪ್ಪಟೆಯಾದ ಮುಖ ಅಂಗೈಗೆ ತಿಳಿಯುತ್ತದೆ. ಎಂಟು, ಹನ್ನೆರಡು, ಆರು ಎಂದು ಆ ಮಗು ನಮ್ಮಷ್ಟೇ ಸರಿಯಾಗಿ ಎಣಿಸುತ್ತದೆ. ಕಣ್ಣಿನ ಬೆಳಕು ಆರಿದ ಮೇಲೂ ಹದಿನೇಳು ವರ್ಷ ಗಣಿತಲೋಕವನ್ನು ಬೆಳಗಿದ ಆಯ್ಲರ್ ಅವರ ಬದುಕು ನಮ್ಮ ಮುಂದಿರುವಾಗ, ಯಾವ ಮಗುವನ್ನೂ ಕಲಿಕೆಯಿಂದ ಹೊರಗಿಡಲು ನಮ್ಮಲ್ಲಿ ನೆಪವಿಲ್ಲ.

ಜ್ಞಾನ ಯಾವುದೇ ನಾಡಿನಲ್ಲಿ, ಯಾವುದೇ ಜನಾಂಗದಲ್ಲಿ ದೊರೆಯಲಿ, ಅದನ್ನು ಅರಸಿ ಪಡೆಯುವುದು ನಮ್ಮ ಪೂರ್ವಜರ ರೀತಿ. ಗ್ರೀಕರಿಂದ ಅವರು ಪಡೆದು ಬೆಳೆಸಿದ್ದನ್ನು ಯುರೋಪ್ ಅವರಿಂದ ಪಡೆಯಿತು. ಆ ಸರಪಳಿಯ ಮುಂದಿನ ಕೊಂಡಿಗಳಾಗುವ ಯೋಗ್ಯತೆಯನ್ನೂ, ಅದಕ್ಕೆ ಬೇಕಾದ ತಾಳ್ಮೆಯನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.